ಗಣಿ ಮುಚ್ಚಿದರೂ ನೀರು ನಿಲ್ಲಲ್ಲ: ವೈಟ್‌ಹೇವನ್‌ನ ಪಾಳು ಎಂಜಿನ್ ಮನೆ ಹೇಳುವ ಲೆಕ್ಕ

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ವೈಟ್‌ಹೇವನ್ ಅಂತ ಒಂದು ಸಣ್ಣ ಬಂದರು ಊರಿದೆ. 2022ರ ಕೊನೆಯ ಹೊತ್ತಿಗೆ ಅಲ್ಲಿನ ಒಂದು ಡಾಕಿನ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಯಾರೋ ಬಣ್ಣ ಸುರಿದಿದ್ದಾರೆ, ಎರಡು ದಿನದಲ್ಲಿ ತಿಳಿಯಾಗುತ್ತದೆ ಅನ್ನುವ ಹಾಗಿರಲಿಲ್ಲ. ಆ ಬಣ್ಣ ಹೋಗಲೇ ಇಲ್ಲ. ದೋಣಿಗಳ ಹೊಟ್ಟೆಗೆ, ಹಗ್ಗಗಳಿಗೆ, ಕಲ್ಲುಗಳಿಗೆ ತುಕ್ಕಿನ ಬಣ್ಣ ಹತ್ತಿತು. ನಮ್ಮಲ್ಲಿ ಕೆಲವು ಕಡೆ ಬೋರ್‌ವೆಲ್ ನೀರು ಬಕೆಟ್ಟಿಗೆ ಕಂದು ಕಲೆ ಹಿಡಿಸುತ್ತದಲ್ಲ, ಅದೇ ಸಂಗತಿ, ಆದರೆ ಬಂದರಿನ ಅಳತೆಯಲ್ಲಿ. ಬಂದದ್ದು ಕಬ್ಬಿಣದ ಅಂಶ ತುಂಬಿದ ಗಣಿ ನೀರು. ಅಲ್ಲಿ ಆಳದ ಕಲ್ಲಿದ್ದಲು ಗಣಿಗಾರಿಕೆ ನಿಂತು ಆಗಲೇ ಮೂವತ್ತಾರು ವರ್ಷ ಆಗಿತ್ತು.

ಇದೇ ಊರಿನ ದಕ್ಷಿಣಕ್ಕೆ, ಕಡಿದಾದ ದಂಡೆಯ ಬುಡದಲ್ಲಿ, ಅಲೆಯ ತುಂತುರು ಮುಟ್ಟುವಷ್ಟು ಹತ್ತಿರ, ಸೂರಿಲ್ಲದ ಒಂದು ಕಲ್ಲಿನ ಕಟ್ಟಡ ನಿಂತಿದೆ. ಅದು ಸಾಲ್ಟಮ್ ಪಿಟ್ ಅನ್ನುವ ಕಲ್ಲಿದ್ದಲು ಗಣಿಯ ಎಂಜಿನ್ ಮನೆ, ಅಂದರೆ ಗಣಿಯ ಹಬೆ ಎಂಜಿನ್ ಇಟ್ಟಿದ್ದ ಕಟ್ಟಡ. ಇಂಥ ಪಾಳು ಗೋಡೆಗಳನ್ನು ದುಡ್ಡು ಹಾಕಿ ಉಳಿಸಬೇಕಾ, ಸಮುದ್ರಕ್ಕೆ ಬಿಟ್ಟುಬಿಡಬೇಕಾ ಅನ್ನುವುದು ಬ್ರಿಟನ್ನಿನ ಎಲ್ಲ ಹಳೆ ಗಣಿ ಊರುಗಳಲ್ಲೂ ಇರುವ ಪ್ರಶ್ನೆ. ಹೆಚ್ಚಿನವರು ಇದನ್ನು ಪರಂಪರೆಯ ಪ್ರಶ್ನೆ ಅಂದುಕೊಳ್ಳುತ್ತಾರೆ. ನನಗೆ ಕಾಣುವುದು ಬೇರೆ. ಇದು ನೀರಿನ ಪ್ರಶ್ನೆ. ಮೊದಲೂ ಅದೇ ಆಗಿತ್ತು, ಈಗಲೂ ಅದೇ.

ಯಾಕೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ವೈಟ್‌ಹೇವನ್ನಿನ ಜಮೀನು, ಗಣಿ, ಬಂದರು ಎಲ್ಲವೂ ಲೌಥರ್ ಮನೆತನದ ಕೈಯಲ್ಲಿದ್ದವು. ಕಲ್ಲಿದ್ದಲು ಹಡಗು ಹತ್ತಿ ಡಬ್ಲಿನ್‌ಗೆ ಹೋಗುತ್ತಿತ್ತು. ದಡದ ಮೇಲಿನ ಗಣಿಗಳಲ್ಲಿ ಸುಲಭಕ್ಕೆ ಸಿಗುವ ಇದ್ದಿಲು ಕರಗುತ್ತಾ ಬಂತು, ಆದರೆ ಇದ್ದಿಲಿನ ಪದರ ಮುಗಿದಿರಲಿಲ್ಲ, ಅದು ಓರೆಯಾಗಿ ಇಳಿದು ಸಮುದ್ರದ ಕೆಳಗೆ ಹೋಗಿತ್ತು. ಸರ್ ಜೇಮ್ಸ್ ಲೌಥರ್‌ಗೆ ಅದೂ ಬೇಕಿತ್ತು. ಅವರ ಗಣಿ ಮೇಲ್ವಿಚಾರಕ ಕಾರ್ಲೈಲ್ ಸ್ಪೆಡಿಂಗ್ 1729ರಲ್ಲಿ ಸಮುದ್ರದಿಂದ ಬರೀ 20 ಗಜ ದೂರದಲ್ಲಿ ಬಾವಿ ತೋಡಲು ಶುರು ಮಾಡಿದ. ಮೊಟ್ಟೆಯಾಕಾರದ ಬಾವಿ, ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಬಂಡೆ ಒಡೆಯಲು ಮದ್ದಿನಪುಡಿ ಬಳಸಿದರು, ಆ ಕಾಲಕ್ಕೆ ಅದು ಹೊಸ ಸಾಹಸ. 1731ರ ಹೊತ್ತಿಗೆ 456 ಅಡಿ ಆಳಕ್ಕೆ ಇಳಿದರು. ಸಮುದ್ರದಡಿಯ ಇದ್ದಿಲಿಗೆ ಅಂತಲೇ ತೋಡಿದ ಗಣಿ ಇಂಗ್ಲೆಂಡಿನಲ್ಲಿ ಇದೇ ಮೊದಲು. ಸ್ಕಾಟ್ಲೆಂಡಿನ ಕಲ್ರಾಸ್‌ನಲ್ಲಿ ನೂರು ವರ್ಷಕ್ಕೂ ಮೊದಲು ಒಬ್ಬರು ಈ ಕೆಲಸ ಮಾಡಿದ್ದರು, ನೋಡಲು ದೊರೆಯೇ ಬಂದಿದ್ದ, ಆದರೆ 1625ರ ಒಂದು ಬಿರುಗಾಳಿಗೆ ಆ ಗಣಿ ಮುಳುಗಿ ಹೋಯಿತು.

ಅಂದರೆ ಇದ್ದಿಲು ಎಲ್ಲಿದೆ ಅನ್ನುವುದು ಯಾರಿಗೂ ತಲೆನೋವಾಗಿರಲಿಲ್ಲ. ತಲೆನೋವು ನೀರಿನದು.

ಕೆಳಗೆ ಹೋದಷ್ಟೂ ನೀರು ಜಾಸ್ತಿ. ಗಾಣದ ಎತ್ತಿನ ಹಾಗೆ ಕುದುರೆಯನ್ನು ಸುತ್ತ ತಿರುಗಿಸಿ ನೀರು ಎತ್ತುತ್ತಿದ್ದರು, ಆದರೆ ಕುದುರೆ ದಣಿಯುತ್ತದೆ, ಮೇವು ತಿನ್ನುತ್ತದೆ, ನೂರಾರು ಅಡಿಯಿಂದ ಹಗಲೂ ರಾತ್ರಿ ಎತ್ತಬೇಕಾದರೆ ಒಂದು ಲಾಯವೇ ಬೇಕು. ಇದಕ್ಕೆ ದಾರಿ ಹುಡುಕಿದವನು ದೊಡ್ಡ ವಿಜ್ಞಾನಿಯೇನಲ್ಲ. ಡಾರ್ಟ್‌ಮತ್ ಅನ್ನುವ ಊರಿನ ಕಬ್ಬಿಣದ ಸಾಮಾನಿನ ವ್ಯಾಪಾರಿ, ಥಾಮಸ್ ನ್ಯೂಕಾಮೆನ್. 1712ರಲ್ಲಿ ಡಡ್ಲಿ ಕೋಟೆಯ ಹತ್ತಿರದ ಒಂದು ಕಲ್ಲಿದ್ದಲು ಗಣಿಯಲ್ಲಿ ಅವನ ಎಂಜಿನ್ ಕೆಲಸ ಶುರು ಮಾಡಿತು.

ಅದು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ನಮ್ಮವರಿಗೆ ಹೇಳುವುದು ಸುಲಭ, ಯಾಕೆಂದರೆ ನಮಗೆ ಏತ ಗೊತ್ತು. ಬಾವಿಯ ಪಕ್ಕ ಕಂಬ, ಕಂಬದ ಮೇಲೆ ಉದ್ದದ ತೊಲೆ, ಒಂದು ತುದಿಯಲ್ಲಿ ಬಾನಿ, ಇನ್ನೊಂದು ಕಡೆ ತೊಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುವ ಮನುಷ್ಯ. ನ್ಯೂಕಾಮೆನ್ ಮಾಡಿದ್ದೂ ಏತವೇ. ಆ ನಡೆಯುವ ಮನುಷ್ಯನನ್ನು ಮಾತ್ರ ತೆಗೆದು ಅವನ ಜಾಗಕ್ಕೆ ಗಾಳಿಯನ್ನು ತಂದ. ಹಬೆಯನ್ನಲ್ಲ, ಗಾಳಿಯನ್ನು. ಇಲ್ಲೇ ಎಲ್ಲರೂ ಎಡವುವುದು.

ಬಿಸಿ ಸಾರನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮರುದಿನ ಮುಚ್ಚಳ ತೆಗೆಯಲು ಮನೆಯವರೆಲ್ಲ ಸೇರಬೇಕು. ಒಳಗಿನ ಹಬೆ ತಣಿದು ನೀರಾಯಿತು, ಒಳಗೆ ಜಾಗ ಖಾಲಿಯಾಯಿತು, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯಿತು. ಅಷ್ಟೇ. ನ್ಯೂಕಾಮೆನ್ನನ ಸಿಲಿಂಡರ್ ಮೇಲ್ಗಡೆ ತೆರೆದಿತ್ತು, ಒಳಗೊಂದು ಪಿಸ್ಟನ್. ಕೆಳಗಿನ ಬಾಯ್ಲರ್‌ನಿಂದ ಹಬೆ ಬಂದು ತುಂಬಿದ ಮೇಲೆ ಒಳಕ್ಕೆ ತಣ್ಣೀರು ಚಿಮ್ಮಿಸುತ್ತಿದ್ದರು. ಹಬೆ ಕುಸಿಯುತ್ತಿತ್ತು, ಮೇಲಿನ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿತ್ತು, ತೊಲೆಯ ಇನ್ನೊಂದು ತುದಿ ಮೇಲಕ್ಕೆದ್ದು ಗಣಿಯೊಳಗಿನ ಪಂಪಿನ ಸರಳನ್ನು ಎಳೆಯುತ್ತಿತ್ತು. ಡಡ್ಲಿಯ ಎಂಜಿನ್ ನಿಮಿಷಕ್ಕೆ 12 ಸಲ ಹೀಗೆ ತೂಗುತ್ತಿತ್ತು, ಪ್ರತಿ ಸಲ ಸುಮಾರು 45 ಲೀಟರ್ ನೀರು, 46 ಮೀಟರ್ ಆಳದಿಂದ.

ಆದರೆ ಒಂದೇ ಸಿಲಿಂಡರನ್ನು ಪ್ರತಿ ಸಲ ಕಾಯಿಸಿ, ಪ್ರತಿ ಸಲ ತಣಿಸಿದರೆ ಬೆಂಕಿಯೆಲ್ಲ ಎಲ್ಲಿಗೆ ಹೋಗಬೇಕು? ಸುಟ್ಟ ಇದ್ದಿಲಿನ ಶಾಖದಲ್ಲಿ ನೂರಕ್ಕೆ ಒಂದು ಪಾಲು ಕೂಡ ನೆಟ್ಟಗೆ ಕೆಲಸಕ್ಕೆ ಬರುತ್ತಿರಲಿಲ್ಲ. ಇಂಥ ದುಂದಿನ ಯಂತ್ರವನ್ನು ಸಾಕಬಲ್ಲ ಜಾಗ ಒಂದೇ, ಕಲ್ಲಿದ್ದಲು ಗಣಿ. ಮಾರಲು ಬಾರದ ಪುಡಿ ಇದ್ದಿಲು ಅಲ್ಲಿ ರಾಶಿ ಬಿದ್ದಿರುತ್ತಿತ್ತು. ಜೇಮ್ಸ್ ವಾಟ್ 1769ರಲ್ಲಿ ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಉಪಾಯಕ್ಕೆ ಪೇಟೆಂಟ್ ತೆಗೆದುಕೊಂಡ, ಇದ್ದಿಲಿನ ಖರ್ಚು ಎಷ್ಟೋ ಇಳಿಯಿತು, ಆದರೂ ಗಣಿ ಮಾಲೀಕರು ಬಹಳ ಕಾಲ ಹಳೆಯದನ್ನೇ ಓಡಿಸಿದರು. ಪುಡಿ ಪುಕ್ಕಟೆ ಇರುವಾಗ ವಾಟ್‌ಗೆ ಯಾಕೆ ದುಡ್ಡು ಕೊಡಬೇಕು? ಯಾರ್ಕ್‌ಷೈರಿನ ಎಲ್ಸೆಕಾರ್‌ನಲ್ಲಿ 1795ರಲ್ಲಿ, ಅಂದರೆ ವಾಟ್‌ನ ಪೇಟೆಂಟಿಗೆ ಇಪ್ಪತ್ತಾರು ವರ್ಷ ಆದ ಮೇಲೆ, ನ್ಯೂಕಾಮೆನ್ ಮಾದರಿಯ ಹೊಸ ಎಂಜಿನ್ ಕೂರಿಸಿದರು. ಅದು 1923ರ ತನಕ ನೀರು ಎತ್ತಿತು.

ಸಾಲ್ಟಮ್‌ಗೆ ಬರೋಣ. ಲೌಥರ್‌ಗೆ ಈ ಎಂಜಿನ್ ಹೊಸದಲ್ಲ, 1715-16ರಲ್ಲೇ ತಮ್ಮ ಇನ್ನೊಂದು ಗಣಿಗೆ ಬಾಡಿಗೆಗೆ ಒಂದನ್ನು ತರಿಸಿದ್ದರು. ಸಾಲ್ಟಮ್‌ನಲ್ಲೂ ಬಾವಿ ಇಳಿದ ಹಾಗೆಯೇ ಎಂಜಿನ್ ಕೂತಿತು. ಒಂದು ಮಾತು ಸ್ಪಷ್ಟ ಇರಲಿ. ಇವತ್ತು ದಡದಲ್ಲಿ ಎದ್ದು ಕಾಣುವ ಗೋಡೆಗಳು ಆ ಮೊದಲ ನ್ಯೂಕಾಮೆನ್ ಎಂಜಿನ್ನಿನವಲ್ಲ, ಆಮೇಲೆ ಇದ್ದಿಲು ಮೇಲೆತ್ತಲು ಕಟ್ಟಿದ ಎಂಜಿನ್ ಮನೆಯವು. ಫೋಟೋ ಹಾಕಿ "ಮುನ್ನೂರು ವರ್ಷದ ಗೋಡೆ" ಅಂತ ಬರೆಯುವವರು ಇದನ್ನು ನುಂಗಿಬಿಡುತ್ತಾರೆ. ಗಣಿ ಹಳೆಯದು, ಗೋಡೆ ಅದಕ್ಕಿಂತ ಹೊಸದು.

ಬಾವಿ ತೋಡುವಾಗಲೇ ಇನ್ನೊಂದು ಅನಾಹುತ ಎದುರಾಗಿತ್ತು. ಬಂಡೆಯ ಸೀಳಿನಿಂದ ಬೆಂಕಿ ಹತ್ತುವ ಗಾಳಿ ನುಗ್ಗಿತು. ಈಗ ನಾವು ಮೀಥೇನ್ ಅನ್ನುತ್ತೇವೆ. ಸ್ಪೆಡಿಂಗ್ ಅದನ್ನು ಕೊಳವೆಯಲ್ಲಿ ಮೇಲಕ್ಕೆ ತಂದು ಉರಿಯಲು ಬಿಟ್ಟ. 1733ರಲ್ಲಿ ಲೌಥರ್ ಆ ಗಾಳಿಯನ್ನು ಪ್ರಾಣಿಗಳ ಮೂತ್ರಕೋಶದ ಚೀಲಗಳಲ್ಲಿ ತುಂಬಿಸಿ ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘಕ್ಕೆ ಒಯ್ದು ತೋರಿಸಿದರು, ಅಲ್ಲಿಯೂ ಅದು ಉರಿಯಿತು. ಸ್ಪೆಡಿಂಗ್ ಈ ಅನಿಲದಿಂದ ಊರಿನ ಬೀದಿಗಳಿಗೆ ದೀಪ ಹಚ್ಚಿಕೊಡುತ್ತೇನೆ ಅಂದನಂತೆ, ಊರಿನ ಹಿರಿಯರು ಒಪ್ಪಲಿಲ್ಲವಂತೆ. ಅವನು ತನ್ನ ಕಚೇರಿಗೆ ಮಾತ್ರ ಹಚ್ಚಿಕೊಂಡ. ಗಣಿಯೊಳಗೆ ಬರಿಯ ಬೆಂಕಿ ಒಯ್ಯುವುದು ಅಪಾಯ ಅಂತ ಉಕ್ಕಿನ ಚಕ್ರಕ್ಕೆ ಬೆಣಚುಕಲ್ಲು ಒತ್ತಿ ಕಿಡಿ ಹಾರಿಸಿ ಬೆಳಕು ಮಾಡುವ ಒಂದು ಸಾಧನವನ್ನೂ ಅವನು ಮಾಡಿದ್ದ. 1755ರಲ್ಲಿ ಗಣಿಯಲ್ಲಿ ಆದ ಸ್ಫೋಟದಲ್ಲಿಯೇ ಅವನು ಸತ್ತ.

ಆ ಊರಿನ ಗಣಿ ಸಾವುಗಳ ಮಿಕ್ಕ ಲೆಕ್ಕ ಇನ್ನೂ ಕಠೋರ. 1910ರ ಮೇ 11ರಂದು ವೆಲಿಂಗ್ಟನ್ ಪಿಟ್‌ನಲ್ಲಿ 136 ಗಂಡಸರು, ಹುಡುಗರು. 1947ರ ಆಗಸ್ಟ್ 15ರಂದು ವಿಲಿಯಂ ಪಿಟ್‌ನಲ್ಲಿ 104 ಮಂದಿ. ತಾರೀಖು ಗಮನಿಸಿ. ನಮ್ಮಲ್ಲಿ ಧ್ವಜ ಏರಿದ ದಿನ ಅಲ್ಲಿ ಗಣಿಯ ಬಾಯಲ್ಲಿ ಹೆಂಗಸರು ಕಾಯುತ್ತಾ ನಿಂತಿದ್ದರು.

ಸಾಲ್ಟಮ್‌ನಿಂದ ಇದ್ದಿಲು ಎತ್ತುವುದು 1848ಕ್ಕೆ ನಿಂತಿತು. ಆದರೆ ನೀರು ಎತ್ತುವುದು ನಿಲ್ಲಲಿಲ್ಲ. ಸುತ್ತಲಿನ ಗಣಿಗಳ ನೀರು ಸೇರಿ ಬರುವ ಜಾಗ ಅದು, ಹಾಗಾಗಿ ಇದ್ದಿಲು ಮುಗಿದ ಮೇಲೂ ಪಂಪಿಗಾಗಿ ಅದನ್ನು ಜೀವಂತ ಇಟ್ಟುಕೊಂಡರು. ಈ ಸಣ್ಣ ಸಂಗತಿಯೇ ನನಗೆ ಇಡೀ ಕತೆಯ ಕೀಲಿ. ಒಂದು ಗಣಿಯಿಂದ ಬರುವ ಲಾಭಕ್ಕೆ ಕೊನೆ ಇದೆ, ಅದರ ನೀರಿಗೆ ಇಲ್ಲ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. ಸಾಲ್ಟಮ್‌ನ ನೆತ್ತಿಯ ಮೇಲೇ ಹೇಗ್ ಪಿಟ್ ಬಂತು, 1986ರಲ್ಲಿ ಅದೂ ಮುಚ್ಚಿತು. ವೈಟ್‌ಹೇವನ್ ಇರುವ ಕಂಬ್ರಿಯಾ ಪ್ರಾಂತ್ಯದ ಆಳದ ಕಲ್ಲಿದ್ದಲು ಗಣಿಗಳಲ್ಲಿ ಕೊನೆಯದು ಅದು. ಅಲ್ಲಿ ಒಂದು ಗಣಿ ಮ್ಯೂಸಿಯಂ ಇತ್ತು, ಅದೂ 2016ರಲ್ಲಿ ಬಾಗಿಲು ಹಾಕಿತು. ಇಡೀ ಬ್ರಿಟನ್ನಿನ ಕೊನೆಯ ಆಳದ ಗಣಿ ಕೆಲಿಂಗ್ಲಿ 2015ರ ಡಿಸೆಂಬರಿನಲ್ಲಿ ನಿಂತಿತು. ಕಲ್ಲಿದ್ದಲಿನಿಂದ ಕರೆಂಟು ಮಾಡುವ ಕೊನೆಯ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ಆರಿತು.

ಈ ನಡುವೆ ವೈಟ್‌ಹೇವನ್ನಿನಲ್ಲಿ ಒಂದು ವಿಚಿತ್ರ ನಡೆಯಿತು. ಸಾಲ್ಟಮ್ ಪಾಳು ಗೋಡೆಯ ಹತ್ತಿರದಲ್ಲೇ, ಹಳೆಯ ಕೆಮಿಕಲ್ ಕಾರ್ಖಾನೆಯ ಜಾಗದಲ್ಲಿ, ಹೊಸ ಕಲ್ಲಿದ್ದಲು ಗಣಿ ತೆಗೆಯುತ್ತೇವೆ ಅಂತ ಒಂದು ಕಂಪನಿ ಬಂತು. ಮತ್ತೆ ಸಮುದ್ರದಡಿಗೇ. ಈ ಸಲ ಉಕ್ಕು ಮಾಡಲು ಬೇಕಾಗುವ ಇದ್ದಿಲು. ಸುಮಾರು 500 ಕೆಲಸ ಕೊಡುತ್ತೇವೆ ಅಂದರು. 2022ರ ಡಿಸೆಂಬರಿನಲ್ಲಿ ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು, 2024ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಒಪ್ಪಿಗೆಯನ್ನು ರದ್ದು ಮಾಡಿತು. ತೆಗೆದ ಇದ್ದಿಲನ್ನು ಮುಂದೆ ಸುಟ್ಟಾಗ ಆಗುವ ಹೊಗೆಯ ಲೆಕ್ಕವನ್ನೂ ಹಿಡಿಯಬೇಕಿತ್ತು ಅನ್ನುವುದು ಮುಖ್ಯ ಕಾರಣ. 2025ರಲ್ಲಿ ಕಂಪನಿ ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿತು.

ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಗಣಿ ಬೇಕು ಅಂದ ಊರಿನವರನ್ನು ಹಾಸ್ಯ ಮಾಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ನಿಮ್ಮ ಅಪ್ಪ ದುಡಿದ ಗಣಿ ಹೋಯಿತು, ಅದರ ಮ್ಯೂಸಿಯಂ ಹೋಯಿತು, ಪಕ್ಕದ ಕಾರ್ಖಾನೆ ಹೋಯಿತು, ಉಳಿದದ್ದು ಕಡಲ ದಂಡೆಯಲ್ಲಿ ಒಂದು ಪಾಳು ಗೋಡೆ ಮತ್ತು ಡಾಕಿನಲ್ಲಿ ಕಿತ್ತಳೆ ನೀರು, ಇದನ್ನು ನೋಡಿಕೊಂಡು ಹೆಮ್ಮೆ ಪಡಿ ಅಂದರೆ ಯಾರು ತಾನೇ ಪಡುತ್ತಾರೆ? ಕೆಜಿಎಫ್‌ನವರನ್ನು ಕೇಳಿ ನೋಡಿ. ಅಲ್ಲಿದ್ದದ್ದು ಚಿನ್ನ, ಇದ್ದಿಲಲ್ಲ, ಆದರೆ ಗಣಿ ಊರಿನ ಪಾಡು ಒಂದೇ. 1902ರಲ್ಲಿ ಶಿವನಸಮುದ್ರದ ಕರೆಂಟು ಬರುವ ತನಕ ಅಲ್ಲಿನ ಯಂತ್ರಗಳನ್ನೂ ಓಡಿಸುತ್ತಿದ್ದುದು ಹಬೆಯೇ, ಮತ್ತು ಅವುಗಳ ಹಿಂದೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿದ್ದರು. ತಮ್ಮೂರಿನ ತವರದ, ತಾಮ್ರದ ಗಣಿಗಳಲ್ಲಿ ಇಂಥ ಎಂಜಿನ್ ಮನೆಗಳ ನಡುವೆ ಬೆಳೆದವರು. ಕಾರ್ನ್‌ವಾಲ್‌ನ ಆ ಎಂಜಿನ್ ಮನೆಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕೆಜಿಎಫ್ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಪಂಪು ನಿಂತಿತು, ಮೂರು ಕಿಲೋಮೀಟರಿಗೂ ಆಳದ ಆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಈಗ ಪಾಳು ಗೋಡೆಯ ಕಾನೂನು. ಸಾಲ್ಟಮ್ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆ. ಕೇಳಲು ಗಟ್ಟಿಯಾಗಿದೆ, ಅಲ್ವಾ? ಆದರೆ 1979ರ ಬ್ರಿಟಿಷ್ ಕಾಯ್ದೆ ಹೇಳುವುದು ಒಪ್ಪಿಗೆಯಿಲ್ಲದೆ ಮುಟ್ಟಬೇಡಿ ಅಂತ. ರಿಪೇರಿ ಮಾಡಲೇಬೇಕು ಅಂತ ಅದು ಮಾಲೀಕನಿಗೆ ಹೇಳುವುದಿಲ್ಲ. ಕೆಡವಿದರೆ ಅಪರಾಧ, ಸುಮ್ನೆ ಕೂತು ಬೀಳುವುದನ್ನು ನೋಡಿದರೆ ಅಪರಾಧವಲ್ಲ. ಇನ್ನು ಮೇಲಿನಿಂದ ದಂಡೆ ಕುಸಿಯುತ್ತಿರುವಾಗ, ಕೆಳಗಿನಿಂದ ಅಲೆ ಕೊರೆಯುತ್ತಿರುವಾಗ, ಗಾರೆ ಮೆತ್ತುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುವವರ ಮಾತಿನಲ್ಲೂ ಹುರುಳಿದೆ.

ಎತ್ತಿಕೊಂಡು ಹೋಗಿ ಇಟ್ಟರೆ? ಅದನ್ನೂ ಮಾಡಿದವರಿದ್ದಾರೆ. ಮ್ಯಾಂಚೆಸ್ಟರ್ ಹತ್ತಿರ ಆಶ್ಟನ್‌ನಲ್ಲಿ ಫೇರ್‌ಬಾಟಮ್ ಬಾಬ್ಸ್ ಅನ್ನುವ, ಸುಮಾರು 1760ರ ಕಾಲದ ಗಣಿ ಎಂಜಿನ್ ಇತ್ತು. ಕಾರು ಮಾಡುವ ಹೆನ್ರಿ ಫೋರ್ಡ್ ಅದನ್ನು ಬಿಚ್ಚಿಸಿ ಅಮೆರಿಕದ ತನ್ನ ಮ್ಯೂಸಿಯಂಗೆ ತರಿಸಿಕೊಂಡ. ಎಂಜಿನ್ ಈಗ ಡಿಯರ್‌ಬಾರ್ನ್‌ನಲ್ಲಿ ಒಣಗಿ, ಹೊಳೆಯುತ್ತಾ, ಸುಖವಾಗಿದೆ. ಆಶ್ಟನ್‌ನಲ್ಲಿ ಉಳಿದದ್ದು ಅಡಿಪಾಯದ ಕಲ್ಲು. ಎಲ್ಸೆಕಾರ್‌ನಲ್ಲಿ ಮಾತ್ರ ಎಂಜಿನ್ ತಾನು ಹುಟ್ಟಿದ ಜಾಗದಲ್ಲೇ ಇದೆ, ನ್ಯೂಕಾಮೆನ್ ಮಾದರಿಯಲ್ಲಿ ಜಗತ್ತಿನಲ್ಲಿ ಹಾಗೆ ಉಳಿದಿರುವುದು ಅದೊಂದೇ. ನೋಡಲು ಬಂದವರ ಮುಂದೆ ಅದರ ತೊಲೆ ಈಗಲೂ ತೂಗುತ್ತದೆ, ಆದರೆ ತೂಗಿಸುವುದು ಹೈಡ್ರಾಲಿಕ್ ಯಂತ್ರ. ನನಗೇನೂ ತಕರಾರಿಲ್ಲ. ಆದರೆ 1928ರಲ್ಲಿ ವಿದ್ಯುತ್ ಪಂಪುಗಳು ನೀರಲ್ಲಿ ಮುಳುಗಿದಾಗ ಇದೇ ಮುದಿ ಎಂಜಿನ್ನನ್ನು ಮತ್ತೆ ಹಬೆ ಹಾಕಿ ಓಡಿಸಿದ್ದರಲ್ಲ, ಅದೊಂದು ಕಣ್ಣಿಗೆ ಕಟ್ಟುವ ದೃಶ್ಯವಾಗಿದ್ದಿರಬೇಕು.

ಎಂಜಿನ್ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದನ್ನು ಕಿತ್ತಳೆ ಬಣ್ಣ ಹೇಳುತ್ತದೆ. ಇದ್ದಿಲಿನ ಪದರದಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಅನ್ನುವ ಖನಿಜ ಇರುತ್ತದೆ. ಗಣಿ ನಡೆಯುವಾಗ ಅದಕ್ಕೆ ಗಾಳಿ ತಾಗಿ ಅದು ನೀರಲ್ಲಿ ಕರಗುವ ಉಪ್ಪಾಗುತ್ತದೆ. ಪಂಪು ನಿಂತ ಮೇಲೆ ನೀರು ಮೆಲ್ಲಗೆ ಏರುತ್ತದೆ, ಹತ್ತು ವರ್ಷ, ಇಪ್ಪತ್ತು, ಮೂವತ್ತು, ಏರುತ್ತಾ ಆ ಉಪ್ಪನ್ನೆಲ್ಲ ಕರಗಿಸಿಕೊಳ್ಳುತ್ತದೆ. ಎಲ್ಲೋ ಒಂದು ಹಳೆಯ ಸುರಂಗ, ಮೋರಿ, ಬಿರುಕು ಸಿಕ್ಕರೆ ಹೊರಬರುತ್ತದೆ. ಹೊರಗಿನ ಗಾಳಿ ತಾಗಿದ್ದೇ ತಡ, ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಒಂದು ಸರ್ಕಾರಿ ಸಂಸ್ಥೆ ಇದೆ. ಮೊದಲು ಕೋಲ್ ಅಥಾರಿಟಿ ಅನ್ನುತ್ತಿದ್ದರು, 2024ರ ಕೊನೆಗೆ ಹೆಸರು ಬದಲಾಗಿ ಮೈನಿಂಗ್ ರೆಮಿಡಿಯೇಷನ್ ಅಥಾರಿಟಿ ಆಯಿತು. ಹೆಸರಿನಿಂದ ಇದ್ದಿಲೇ ಹೋಯಿತು, ಕೆಲಸ ಹೋಗಲಿಲ್ಲ. ದೇಶದ ಉದ್ದಗಲಕ್ಕೆ 80ರ ಆಸುಪಾಸು ಕಡೆ ಅದು ಗಣಿ ನೀರನ್ನು ಎತ್ತಿಯೋ ಹಿಡಿದೋ, ಮೆಟ್ಟಿಲುಗಳ ಮೇಲೆ ಹರಿಸಿ ಗಾಳಿ ತಾಗಿಸಿ, ಕೊಳಗಳಲ್ಲಿ ತುಕ್ಕು ಕೂರಿಸಿ, ಜೊಂಡಿನ ನಡುವೆ ಸೋಸಿ, ಹೊಳೆಗೆ ಬಿಡುತ್ತದೆ. ಲೌಥರ್ ಮನೆತನ 1731ರಲ್ಲಿ ಸಾಲ್ಟಮ್‌ನಲ್ಲಿ ಎತ್ತಲು ಶುರು ಮಾಡಿದ ನೀರಿನ ಬಿಲ್ಲನ್ನು ಈಗ ತೆರಿಗೆ ಕಟ್ಟುವವರು ಕಟ್ಟುತ್ತಿದ್ದಾರೆ ಅಂದರೆ ಅದು ತೀರ ಉತ್ಪ್ರೇಕ್ಷೆಯೇನಲ್ಲ. ಲಾಭ ಮಾತ್ರ ಆಗಲೇ ಹಂಚಿಹೋಗಿದೆ.

ಆ ನೀರಿಗೆ ಒಂದು ಒಳ್ಳೆಯ ಗುಣವೂ ಇದೆ. ಭೂಮಿಯ ಬಿಸಿಗೆ ಅದು ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಗೇಟ್ಸ್‌ಹೆಡ್ ಊರಿನಲ್ಲಿ 2023ರಿಂದ ಸುಮಾರು 150 ಮೀಟರ್ ಕೆಳಗಿನ ಮುಳುಗಿದ ಗಣಿಗಳಿಂದ 15 ಡಿಗ್ರಿಯ ನೀರು ಎತ್ತಿ, ಹೀಟ್ ಪಂಪಿನಿಂದ ಶಾಖ ಹಿಂಡಿ, ಮನೆಗಳಿಗೂ ಕಚೇರಿಗಳಿಗೂ ಕೊಡುತ್ತಿದ್ದಾರೆ. ಬ್ರಿಟನ್ನಿನ ಕಾಲು ಭಾಗದಷ್ಟು ಮನೆಗಳು ಹಳೆಯ ಕಲ್ಲಿದ್ದಲು ನೆಲದ ಮೇಲಿವೆ, ಹಾಗಾಗಿ ಆಸೆ ದೊಡ್ಡದು. ಆದರೆ ಗೇಟ್ಸ್‌ಹೆಡ್‌ನಲ್ಲಿ ಕಟ್ಟಡಗಳು ಒತ್ತೊತ್ತಾಗಿವೆ, ಕೊಳವೆ ಎಳೆಯುವ ಖರ್ಚು ಗಿಟ್ಟುತ್ತದೆ. ವೈಟ್‌ಹೇವನ್ನಿನಂಥ ಸಣ್ಣ ಊರಿಗೆ ಅದೇ ಲೆಕ್ಕ ಕೂಡಿಬರುತ್ತದೆ ಅಂತ ಈಗಲೇ ಹಿಗ್ಗಬೇಕಾಗಿಲ್ಲ.

ಎತ್ತಬೇಕೆಂದರೂ, ತಡೆಯಬೇಕೆಂದರೂ, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ಗೊತ್ತಿರಬೇಕು. ಅದಕ್ಕೆ ಹಳೆಯ ಗಣಿಗಳ ನಕ್ಷೆ ಬೇಕು. ಬಿಟ್ಟುಹೋದ ಗಣಿಯ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಲೇಬೇಕು ಅನ್ನುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1872ರಲ್ಲಿ. ಸಾಲ್ಟಮ್‌ನಲ್ಲಿ ಇದ್ದಿಲು ನಿಂತದ್ದು 1848ರಲ್ಲಿ. ಅದಕ್ಕೂ ಹಿಂದೆ ತೋಡಿ ಮರೆತ ಬಾವಿಗಳು ಎಷ್ಟೋ. ಈವರೆಗೆ ಗುರುತಿಸಿರುವ ಗಣಿ ಬಾಯಿಗಳೇ ದೇಶದಲ್ಲಿ 1,70,000ಕ್ಕೂ ಹೆಚ್ಚು. ಹಳೆಯ ಕಾಲದವಕ್ಕೆ ಸಾಕ್ಷಿ ಅಂದರೆ ಜಮೀನ್ದಾರರ ಕಾಗದ ಪತ್ರ, ಊರಿನವರ ನೆನಪು, ಮತ್ತೆ ನೆಲದ ಮೇಲೆ ಉಳಿದ ಕಲ್ಲು.

ನಾನು ಗೋಡೆ ಉಳಿಯಲಿ ಅನ್ನುವವರ ಕಡೆ, ಕಾರಣ ಇಷ್ಟೇ. ಡಾಕಿಗೆ ಬರುವ ನೀರಿನ ಜಾಡು ಹಿಡಿಯಲು ಪರಿಣತರು ಬಾವಿ ಕೊರೆಯುತ್ತಾರೆ, ಮಾದರಿ ತೆಗೆಯುತ್ತಾರೆ, ಯಾವ ಸುರಂಗ ಯಾವುದಕ್ಕೆ ಕೂಡಿದೆ ಅಂತ ಹಳೆಯ ಹಾಳೆಗಳನ್ನು ತಿರುವುತ್ತಾರೆ. ಸುತ್ತಲಿನ ಗಣಿಗಳ ನೀರೆಲ್ಲ ಒಂದು ಕಾಲಕ್ಕೆ ಸೇರುತ್ತಿದ್ದ ಆ ಬಾವಿಯ ಬಾಯಿ ಎಲ್ಲಿದೆ ಅಂತ ಮಾತ್ರ, ಗೋಡೆ ನಿಂತಿರುವಷ್ಟು ದಿನ, ಯಾರೂ ಹುಡುಕಬೇಕಾಗಿಲ್ಲ.